ಮೇಪಲ್ ಪಾಕದ ಹದ: ಮರಕ್ಕೆ ತೂತು ಕೊರೆಯೋದ್ರಿಂದ ಬಾಟ್ಲಿ ತುಂಬೋ ತನಕ

ಪ್ರತಿ ವರ್ಷ ಜನವರಿ ಬಂತು ಅಂದ್ರೆ ಈ ಕಡೆ ಹೊಸದಾಗಿ ಮನೆ ತಗೊಂಡಿರೋ ನಮ್ಮವರು ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಹಿತ್ತಲಲ್ಲಿ ಎರಡು ಮೇಪಲ್ ಮರ ಇದೆ, ಸಿರಪ್ ಮಾಡ್ಬೋದಾ?" ಅಂತ. ಮಾಡ್ಬೋದು. ಆದ್ರೆ ಲೆಕ್ಕ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ನನ್ನನ್ನ ಬೈಬೇಡಿ. ಮರದ ರಸದಲ್ಲಿ, ಅಂದ್ರೆ ಇಲ್ಲಿಯವರು ಸ್ಯಾಪ್ ಅಂತಾರಲ್ಲ ಅದ್ರಲ್ಲಿ, ಸಕ್ಕರೆ ಇರೋದು ನೂರಕ್ಕೆ ಸುಮಾರು 2 ಭಾಗ ಅಷ್ಟೇ. ಕುಡಿದು ನೋಡಿದ್ರೆ ನೀರೇ, ನಾಲಿಗೆ ತುದೀಲಿ ಚೂರು ಸಿಹಿ ಇದೆಯೇನೋ ಅನ್ನೋ ಅನುಮಾನ ಬರತ್ತೆ, ಅಷ್ಟು. 86ನ್ನ ರಸದ ಸಕ್ಕರೆ ಪ್ರಮಾಣದಿಂದ ಭಾಗಿಸಿದ್ರೆ ಒಂದು ಗ್ಯಾಲನ್ ಸಿರಪ್‌ಗೆ ಎಷ್ಟು ಗ್ಯಾಲನ್ ರಸ ಬೇಕು ಅಂತ ಸಿಗತ್ತೆ. 2 ಇದ್ರೆ 43 ಗ್ಯಾಲನ್. ಕೆಂಪು ಮೇಪಲ್ ಥರದ್ದು ಸಿಕ್ಕಿ 1.5 ಇದ್ರೆ 57. ಮಿಕ್ಕಿದ್ದೆಲ್ಲ ಹಬೆಯಾಗಿ ಆಕಾಶಕ್ಕೆ ಹೋಗತ್ತೆ. ಹಿತ್ತಲ ಎರಡು ಮರದಿಂದ ಇಡೀ ಸೀಸನ್‌ಗೆ ಎರಡು ಬಾಟ್ಲಿ ಸಿಕ್ರೆ ಅದೇ ದೊಡ್ಡದು.

ನಾನಿರೋದು ಅಮೆರಿಕಾದ ವರ್ಮಾಂಟ್ ರಾಜ್ಯದಲ್ಲಿ. ಪಕ್ಕದ ಜಮೀನಿನವರದ್ದು ಮೂರು ತಲೆಮಾರಿಂದ ನಡ್ಕೊಂಡು ಬಂದಿರೋ ಶುಗರ್‌ಹೌಸ್, ಮೇಪಲ್ ಆಲೆಮನೆ ಅಂದ್ಕೊಳ್ಳಿ, ಕಬ್ಬು ಅರೆಯೋ ಗಾಣ ಒಂದಿಲ್ಲ, ಮಿಕ್ಕಿದ್ದೆಲ್ಲ ಅದೇ, ಒಲೆ, ಕೊಪ್ಪರಿಗೆ, ಹಬೆ, ಘಮ, ಕೆಲಸ ಇಲ್ದೇ ಇದ್ರೂ ಸುತ್ತ ನಿಂತು ಹರಟೆ ಹೊಡೆಯೋ ಜನ. ಮೊದಲ ವರ್ಷ ಸೌದೆ ಹೊರೋಕೆ ಅಂತ ಹೋದೆ, ಆರು ವರ್ಷ ಆಯ್ತು, ಈಗ್ಲೂ ಸೌದೆನೇ ಹೊರ್ತಿದೀನಿ, ಆದ್ರೆ ನಡುನಡುವೆ ಪಾಕ ನೋಡೋಕೂ ಬಿಡ್ತಾರೆ. ಆ ಮನೆ ಯಜಮಾನರನ್ನ ನಮ್ಮ ಮಕ್ಕಳು ಅಜ್ಜ ಅಂತಾನೇ ಕರೆಯೋದು, ನಾನೂ ಇಲ್ಲಿ ಹಾಗೇ ಬರೀತೀನಿ. ಮನೇಲಿ ನಂದೂ ಒಂದು ಎಂಟು ಟ್ಯಾಪ್, ಅಂದ್ರೆ ರಸ ಇಳಿಸೋಕೆ ಮರಕ್ಕೆ ಕೊರೆದು ಕೊಳವೆ ಹಾಕಿದ ತೂತು, ಇದೆ, ಹಾಗಾಗಿ ದೊಡ್ಡದ್ರಲ್ಲಿ ಹೇಗೆ ಮಾಡ್ತಾರೆ, ಮನೇಲಿ ಹೇಗೆ ಮಾಡ್ಬೋದು, ಎರಡೂ ಸೇರಿಸಿ ಹೇಳ್ತೀನಿ.

ಮೊದಲು ಮರ. ಚಳಿಗಾಲದಲ್ಲಿ ಎಲೆ ಇರಲ್ಲ, ಆಗ ಹೋಗಿ ಯಾವುದು ಮೇಪಲ್ ಅಂತ ಹುಡುಕೋದು ಹೊಸಬರಿಗೆ ಕಷ್ಟ, ಅದಕ್ಕೇ ಅಕ್ಟೋಬರಲ್ಲಿ ಎಲೆ ಬಣ್ಣ ತಿರುಗಿದಾಗ್ಲೇ ಒಂದು ರಿಬ್ಬನ್ ಕಟ್ಟಿಟ್ಬಿಡಿ. ಶುಗರ್ ಮೇಪಲ್ ಸಿಕ್ರೆ ಒಳ್ಳೇದು, ಕೆಂಪು ಮೇಪಲ್, ಸಿಲ್ವರ್ ಮೇಪಲ್ ಆದ್ರೂ ನಡಿಯತ್ತೆ, ಸೌದೆ ಜಾಸ್ತಿ ಬೇಕಾಗತ್ತೆ ಮತ್ತೆ ಅವು ಬೇಗ ಚಿಗುರ್ತವೆ, ಅಷ್ಟೇ. ಮರ ಎದೆಮಟ್ಟದಲ್ಲಿ ಕಮ್ಮಿ ಅಂದ್ರೂ 12 ಇಂಚು ಅಡ್ಡಗಲ ಇರ್ಬೇಕು. ಟೈಲರ್ ಟೇಪ್ ತಗೊಂಡು ಸುತ್ತಳತೆ ನೋಡಿ, 38 ಇಂಚು ಬಂದ್ರೆ ಸರಿ, ಒಂದು ಟ್ಯಾಪ್ ಹಾಕ್ಬೋದು. 57 ಇಂಚು ದಾಟಿದ್ರೆ ಎರಡು. ಅದಕ್ಕಿಂತ ಜಾಸ್ತಿ ಆಸೆ ಪಡ್ಬೇಡಿ. ಆ ಗಾತ್ರಕ್ಕೆ ಬರೋಕೆ ಶುಗರ್ ಮೇಪಲ್‌ಗೆ ಸುಮಾರು 40 ವರ್ಷ ಬೇಕು, ನಮ್ಮ ಅವಸರಕ್ಕೆ ಅದು ಜವಾಬ್ದಾರಿ ಅಲ್ಲ.

ಯಾವಾಗ ಕೊರೀಬೇಕು? ಕ್ಯಾಲೆಂಡರ್ ನೋಡ್ಬೇಡಿ, ಥರ್ಮಾಮೀಟರ್ ನೋಡಿ. ಹಳಬರು ವರ್ಮಾಂಟಲ್ಲಿ ಮಾರ್ಚ್ ಮೊದಲ ಮಂಗಳವಾರ, ಟೌನ್ ಮೀಟಿಂಗ್ ದಿನ, ಟ್ಯಾಪ್ ಹಾಕೋದು ಅಂತ ಇಟ್ಕೊಂಡಿದ್ರು, ಈಗ ಎಷ್ಟೋ ಜನ ಅದಕ್ಕಿಂತ ಮುಂಚೇನೇ ಶುರು ಮಾಡ್ತಾರೆ. ರಾತ್ರಿ ಹೆಪ್ಪುಗಟ್ಟೋ ಚಳಿ, 25 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಹಗಲು ಬಿಸಿಲು ಬಂದು 40 ದಾಟ್ಬೇಕು. ರಾತ್ರಿ ಮರ ಹೆಪ್ಪುಗಟ್ತಾ ಒಳಗೆಳೆದುಕೊಂಡು ಬೇರಿಂದ ನೀರು ಸೇದ್ಕೊಳತ್ತೆ, ಹಗಲು ಕರಗಿದಾಗ ಒಳಗೆ ಒತ್ತಡ ಏರತ್ತೆ, ಎಲ್ಲಿ ತೂತು ಸಿಗತ್ತೋ ಅಲ್ಲಿಂದ ರಸ ಹೊರಗೆ ಬರತ್ತೆ. ಬರೀ ಚಳಿ ಆದ್ರೂ ಇಲ್ಲ, ಬರೀ ಸೆಕೆ ಆದ್ರೂ ಇಲ್ಲ, ಎರಡರ ಹಗ್ಗಜಗ್ಗಾಟ ಬೇಕು. ಅದು ಇರೋದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರಗಳ ತನಕ, ಅದೂ ದಿನಾ ಅಲ್ಲ, ಒಂದು ವಾರ ಏನೂ ಇಲ್ದೇ ಕೂತಿರ್ತೀರಿ, ಆಮೇಲೆ ಒಂದೇ ಮಧ್ಯಾಹ್ನ ಬಕೆಟ್ ತುಂಬಿ ಚೆಲ್ತಿರತ್ತೆ.

ಕೊರೆಯೋಕೆ ಡ್ರಿಲ್‌ಗೆ 5/16 ಇಂಚಿನ ಬಿಟ್ ಹಾಕಿ, ತುದಿಯಿಂದ ಒಂದೂವರೆ ಇಂಚಿಗೆ ಟೇಪ್ ಸುತ್ತಿ, ಅಷ್ಟೇ ಆಳ. ಸೊಂಟದಿಂದ ಎದೆ ನಡುವಿನ ಎತ್ತರ, ಸ್ವಲ್ಪ ಮೇಲ್ಮುಖವಾಗಿ ಕೊರೀಬೇಕು, ರಸ ಇಳಿದು ಬರೋ ಹಾಗೆ. ಹೊರಗೆ ಬರೋ ಹುಡಿ ನೋಡಿ, ಕೆನೆ ಬಣ್ಣ ಇದ್ರೆ ಜೀವ ಇರೋ ಮರ, ಕಂದು ಬಣ್ಣ ಬಂದ್ರೆ ಅಲ್ಲಿ ಸತ್ತ ಕಟ್ಟಿಗೆ, ಬೇರೆ ಜಾಗ ನೋಡ್ಕೊಳ್ಳಿ. ಹಳೇ ವರ್ಷದ ತೂತಿನ ನೇರಕ್ಕೆ ಮೇಲೆ ಕೆಳಗೆ ಕೊರೀಬೇಡಿ, ಯಾಕಂದ್ರೆ ಗಾಯದ ಸುತ್ತ ಮರ ಒಳಗಿಂದ ಉದ್ದಕ್ಕೆ ಒಂದು ಪಟ್ಟಿ ಮುಚ್ಚಿಬಿಟ್ಟಿರತ್ತೆ, ಅಲ್ಲಿ ರಸ ಹರಿಯಲ್ಲ, ಪಕ್ಕಕ್ಕೆ ಸರೀಬೇಕು. ಆಮೇಲೆ ಸ್ಪೈಲ್, ಅಂದ್ರೆ ಆ ಸಣ್ಣ ಕೊಳವೆ, ಸುತ್ತಿಗೇಲಿ ಮೆಲ್ಲಗೆ ತಟ್ಟಿ ಕೂರಿಸಿ. ಸದ್ದು ಬದಲಾಗತ್ತೆ, ಪೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದ್ರೆ ಸಾಕು ನಿಲ್ಸಿ. ಇನ್ನೂ ಹೊಡೆದ್ರೆ ಮರ ಸೀಳಿ ರಸ ಪಕ್ಕದಿಂದ ಸೋರತ್ತೆ. ನನ್ನ ಮೊದಲ ವರ್ಷದ ಮೂರು ಟ್ಯಾಪ್ ಹೀಗೇ ಹೋಯ್ತು, ಗಂಡಸ್ತನ ತೋರಿಸೋಕೆ ಹೋಗಿ.

ಬಕೆಟ್ ವಿಷಯಕ್ಕೆ ಒಂದು ಮಾತು. ಗ್ಯಾರೇಜ್ ಸೇಲಲ್ಲಿ ಹಳೇ ತಗಡಿನ ಬಕೆಟ್ ಚೆಂದ ಕಾಣ್ತವೆ, ಫೋಟೋಗೆ ಮಸ್ತ್. ಆದ್ರೆ ತುಂಬ ಹಳೇದ್ರಲ್ಲಿ ಬೆಸುಗೆಗೆ ಸೀಸ ಬಳಸಿರ್ತಾರೆ, ಅದ್ರಲ್ಲಿ ಗಿಡ ನೆಡಿ, ರಸ ಹಿಡೀಬೇಡಿ. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಕೆಟ್ ಇಲ್ಲಾಂದ್ರೆ ನೀಲಿ ಚೀಲ ಸಿಗತ್ತೆ, ಸಾಕು. ಮುಚ್ಚಳ ಇರ್ಲೇಬೇಕು, ಮಳೆ ನೀರು ಕುದಿಸೋಕೆ ಯಾರಿಗೂ ಇಷ್ಟ ಇಲ್ಲ. ಅಜ್ಜನ ಕಾಡಲ್ಲಿ ಈಗ ಬಕೆಟ್ ಇರೋದು ರಸ್ತೆ ಬದಿಯ ಮರಕ್ಕೆ ಮಾತ್ರ, ಬಂದವರು ನೋಡ್ಲಿ ಅಂತ. ಮಿಕ್ಕಿದ್ದಕ್ಕೆಲ್ಲ ಮರದಿಂದ ಮರಕ್ಕೆ ಪೈಪ್ ಎಳೆದು ವ್ಯಾಕ್ಯೂಮ್ ಪಂಪ್ ಹಾಕಿದ್ದಾರೆ, ರಸ ತಾನಾಗೇ ಶುಗರ್‌ಹೌಸ್ ಟ್ಯಾಂಕ್‌ಗೆ ಬಂದು ಬೀಳತ್ತೆ. ಅಳಿಲು ಪೈಪ್ ಕಡಿದು ಹಾಕತ್ತೆ, ಅದನ್ನ ಹುಡುಕ್ಕೊಂಡು ಹಿಮದಲ್ಲಿ ಅಲೆಯೋದು ಮೊಮ್ಮಕ್ಕಳ ಕೆಲಸ.

ರಸನ ಹಾಲಿನ ಹಾಗೆ ನೋಡ್ಕೊಳ್ಳಿ. ಹಾಲು ಹೊರಗಿಟ್ರೆ ಏನಾಗತ್ತೋ ಅದೇ ಇದಕ್ಕೂ ಆಗತ್ತೆ. 38 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ, ನೆರಳಲ್ಲಿ, ಸುತ್ತ ಹಿಮ ಗುಡ್ಡೆ ಹಾಕಿ ಇಡಿ, ಎರಡು ಮೂರು ದಿನದೊಳಗೆ ಕುದಿಸಿ ಮುಗಿಸಿ. ಮೋಡ ಕಟ್ಟಿದ ಹಾಗೆ ಬೆಳ್ಳಗಾದ್ರೆ ಕೆಡ್ತಾ ಇದೆ ಅಂತ ಅರ್ಥ. ಬೆಳಿಗ್ಗೆ ಬಕೆಟಲ್ಲಿ ಮೇಲೆ ಐಸ್ ಕಟ್ಟಿದ್ರೆ ಅದನ್ನ ಎತ್ತಿ ಬಿಸಾಕಿ, ಐಸಲ್ಲಿ ಇರೋದು ಹೆಚ್ಚುಕಮ್ಮಿ ನೀರೇ, ಸಕ್ಕರೆ ಕೆಳಗಿನ ರಸದಲ್ಲೇ ಉಳಿದಿರತ್ತೆ. ದೊಡ್ಡವರು ಇದೇ ಕೆಲಸಕ್ಕೆ ಆರ್‌ಓ ಮಷಿನ್ ಇಟ್ಟಿರ್ತಾರೆ, ನಾವು ಮನೇಲಿ ನೀರು ಶುದ್ಧ ಮಾಡೋ ಅದೇ ತತ್ವ, ಇಲ್ಲಿ ಉಲ್ಟಾ, ನೀರನ್ನ ಚೆಲ್ಲಿ ಉಳಿದಿದ್ದನ್ನ ಇಟ್ಕೊಳ್ಳೋದು. ನಮ್ಮದು ಬಡವರ ಆರ್‌ಓ.

ಈಗ ಕುದಿಸೋದು. ಶುಗರ್‌ಹೌಸಲ್ಲಿ ಎವಾಪರೇಟರ್ ಅಂತ ಇರತ್ತೆ, ಕೆಳಗೆ ಕಬ್ಬಿಣದ ಉದ್ದನೆ ಒಲೆ, ಮೇಲೆ ಎರಡು ಅಗಲ ಪ್ಯಾನ್. ಹಿಂದಿನದ್ರಲ್ಲಿ ಮಡಿಕೆ ಮಡಿಕೆ ತಳ ಇರತ್ತೆ ಬೆಂಕಿ ಜಾಸ್ತಿ ಜಾಗಕ್ಕೆ ತಾಗ್ಲಿ ಅಂತ, ಅಲ್ಲಿಗೆ ಹೊಸ ರಸ ಒಂದೇ ಸಮ ಇಳೀತಾ ಇರತ್ತೆ, ನೀರು ಆವಿಯಾಗ್ತಾ ದಪ್ಪ ಆಗ್ತಾ ಅದು ಅಡ್ಡಗೋಡೆಗಳ ನಡುವೆ ಸುತ್ತಿ ಸುತ್ತಿ ಮುಂದಿನ ಪ್ಯಾನಿಗೆ ಬರತ್ತೆ, ಕೊನೇ ಮೂಲೇಲಿ ಒಂದು ನಲ್ಲಿ, ಹದ ಬಂದ ಪಾಕ ಅಲ್ಲಿಂದ ಇಳಿಸೋದು. ಮಾಡಿನ ನಡುವೆ ಕಿಟಕಿ ಥರ ತೆರೆದಿರ್ತಾರೆ, ಹಬೆ ಅಲ್ಲಿಂದ ಹೋಗತ್ತೆ. ಮುಂಗೈ ದಪ್ಪಕ್ಕೆ ಸೀಳಿದ ಒಣ ಸೌದೆ, ಏಳೆಂಟು ನಿಮಿಷಕ್ಕೊಂದ್ಸಲ, ಬಾಗಿಲು ಪಟ್ ಅಂತ ತೆಗೆದು ಪಟ್ ಅಂತ ಹಾಕಿ ಮುಚ್ಬೇಕು, ತಡ ಮಾಡಿದ್ರೆ ಕುದಿ ನಿಲ್ಲತ್ತೆ. ಇದು ನನ್ನ ಖಾತೆ.

ಕುದಿ ಜೋರಾದ್ರೆ ನೊರೆ ಉಕ್ಕತ್ತೆ. ಅದಕ್ಕೆ ಒಂದು ಚೂರು ಬೆಣ್ಣೆ ಅಥವಾ ಒಂದು ಹನಿ ಅಡುಗೆ ಎಣ್ಣೆ ಸಾಕು, ಮಂತ್ರ ಹಾಕಿದ ಹಾಗೆ ಇಳಿದುಬಿಡತ್ತೆ. ಹಳೇ ಕಾಲದಲ್ಲಿ ಪ್ಯಾನ್ ಮೇಲೆ ದಾರ ಕಟ್ಟಿ ಹಂದಿ ಕೊಬ್ಬಿನ ತುಂಡು ತೂಗಾಕ್ತಿದ್ರಂತೆ, ನೊರೆ ಅದಕ್ಕೆ ತಾಗಿದ್ರೆ ಇಳಿಯೋದು. ಅಜ್ಜ ಇದನ್ನ ಹೇಳಿದ ದಿನ ನಮ್ಮನೆಯವಳು ಕೈಲಿದ್ದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ್ಲು. ಈಗ ಎಣ್ಣೆನೇ ಹಾಕೋದು ಅಂತ ಅವರು ಡಬ್ಬ ತೋರಿಸಿದ ಮೇಲೇ ಲೋಟ ಮತ್ತೆ ಮೇಲೆ ಬಂದಿದ್ದು. ಸಸ್ಯಾಹಾರಿಗಳು, ಹಾಲಿನ ಅಲರ್ಜಿ ಇರೋರು ಕೊಳ್ಳುವಾಗ ನೊರೆಗೆ ಏನು ಹಾಕ್ತೀರಿ ಅಂತ ಕೇಳಿ, ಯಾರೂ ತಪ್ಪು ತಿಳಿಯಲ್ಲ.

ಮನೇಲಿ ಮಾಡೋರು ದಯವಿಟ್ಟು ಅಡುಗೆಮನೇಲಿ ಶುರು ಮಾಡ್ಬೇಡಿ. ಹತ್ತು ಗ್ಯಾಲನ್ ನೀರು ಹಬೆಯಾಗಿ ನಿಮ್ಮ ಗೋಡೆಗೆ ಕೂರತ್ತೆ, ವಾಲ್‌ಪೇಪರ್ ಏಳತ್ತೆ, ಕಪಾಟಿನ ಬಾಗಿಲೆಲ್ಲ ಅಂಟಂಟು. ಹೊರಗೆ ಸಿಮೆಂಟ್ ಬ್ಲಾಕ್ ಜೋಡಿಸಿ ಒಲೆ ಮಾಡಿ, ಮೇಲೆ ಹೋಟೆಲಲ್ಲಿ ಊಟ ಬಿಸಿ ಇಡೋ ಆ ಅಗಲದ ಸ್ಟೀಲ್ ಟ್ರೇ ಇಡಿ. ಆಳದ ಪಾತ್ರೆ ಬೇಡ, ಅಗಲ ಇದ್ದಷ್ಟೂ ಬೇಗ ಆವಿ ಆಗತ್ತೆ. ರಸ ಒಂದೂವರೆ ಎರಡು ಇಂಚು ಆಳ ಇರೋ ಹಾಗೆ ನೋಡ್ಕೊಂಡು ಹೊಸದನ್ನ ಸ್ವಲ್ಪ ಸ್ವಲ್ಪ ಸುರೀತಾ ಇರಿ, ಒಂದೇ ಸಲ ತಣ್ಣನೇದು ಸುರಿದ್ರೆ ಕುದಿ ಸಾಯತ್ತೆ. ಇಡೀ ದಿನದ ಕೆಲಸ ಇದು, ಕುರ್ಚಿ ಹಾಕ್ಕೊಳ್ಳಿ.

ಇಷ್ಟು ಹೊತ್ತೂ ತಪ್ಪು ಮಾಡಿದ್ರೆ ತಿದ್ಕೋಬೋದು. ಇನ್ಮೇಲೆ ಇಲ್ಲ. ನೀರು ಓಡಿಸೋದು ಯಾರು ಬೇಕಾದ್ರೂ ಮಾಡ್ತಾರೆ, ಸಿರಪ್ ಆಗೋದು ಕೊನೇ ಏಳು ಡಿಗ್ರೀಲಿ. ನಿಮ್ಮೂರಲ್ಲಿ ಆ ದಿನ ನೀರು ಎಷ್ಟು ಡಿಗ್ರಿಗೆ ಕುದಿಯತ್ತೋ ಅದಕ್ಕಿಂತ ಸುಮಾರು 7 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಹೋದಾಗ ಪಾಕ ಸಿರಪ್. ಸಮುದ್ರಮಟ್ಟದಲ್ಲಿ 212ಕ್ಕೆ ಕುದಿಯತ್ತೆ, ಹಾಗಾಗಿ 219 ಅಂತ ಎಲ್ಲರೂ ಬಾಯಿಪಾಠ ಹೇಳ್ತಾರೆ, ಆದ್ರೆ ಎತ್ತರದ ಜಾಗದಲ್ಲಿ ಕಮ್ಮಿ, ಹವಾಮಾನ ಬದಲಾದ್ರೂ ಒಂದರ್ಧ ಒಂದು ಡಿಗ್ರಿ ಆಚೀಚೆ ಆಗತ್ತೆ. ಅದಕ್ಕೇ ಶುರು ಮಾಡೋ ಮುಂಚೆ ಬರೀ ನೀರು ಕುದಿಸಿ ಥರ್ಮಾಮೀಟರ್ ಏನು ಹೇಳತ್ತೆ ನೋಡಿ, ಅದಕ್ಕೆ 7 ಕೂಡಿಸಿ ಚೀಟೀಲಿ ಬರೆದು ಎದುರಿಗೆ ಅಂಟಿಸ್ಕೊಳ್ಳಿ.

ಹೊರಗಿನ ಟ್ರೇ ಇಂದ ಪಾಕ ಹೊಂಬಣ್ಣಕ್ಕೆ ಬಂದು ಇನ್ನೊಂದೆರಡು ಡಿಗ್ರಿ ಬಾಕಿ ಇದೆ ಅನ್ನುವಾಗ್ಲೇ ಇಳಿಸಿ ಸಣ್ಣ ಪಾತ್ರೆಗೆ ಹಾಕಿ ಗ್ಯಾಸ್ ಮೇಲೆ ಮುಗಿಸಿ, ಉರಿ ನಿಮ್ಮ ಕೈಯಲ್ಲಿರತ್ತೆ. ಒಂದ್ಸಲ ನಾನು ಹೊರಗಿನ ಟ್ರೇಲೇ ಪೂರ್ತಿ ಮುಗಿಸ್ತೀನಿ ಅಂತ ಹಟ ಮಾಡಿದೆ, ರಾತ್ರಿ ಹತ್ತು ಗಂಟೆ, ಊರಿಂದ ಫೋನ್ ಬಂತು, ಎರಡು ನಿಮಿಷ ಒಳಗೆ ಹೋಗಿ ಬಂದೆ, ಅಷ್ಟರಲ್ಲಿ ಹನ್ನೆರಡು ಗ್ಯಾಲನ್ ರಸದ ಸಿಹಿ ಎಲ್ಲ ಕರೀ ಇದ್ದಿಲು, ಟ್ರೇ ಸೊಟ್ಟ, ಮೂರು ದಿನ ಬಟ್ಟೇಲಿ ಸುಟ್ಟ ವಾಸನೆ. ಅಮ್ಮನ ಹತ್ರ ಫೋನಲ್ಲಿ ಹೇಳಿದ್ರೆ, ಪಾಕ ಒಲೆ ಮೇಲಿಟ್ಟು ಫೋನ್ ಯಾಕೋ ಎತ್ತಿದೆ ಅಂತ ನನಗೇ ಬೈದ್ರು, ಫೋನ್ ಮಾಡಿದ್ದು ಅವರೇ.

ಹದ ನೋಡೋಕೆ ಥರ್ಮಾಮೀಟರ್ ಒಂದನ್ನೇ ನಂಬ್ಬೇಡಿ. ಅಗಲದ ಚಪ್ಪಟೆ ಸೌಟು ಅದ್ದಿ ಎತ್ತಿ ಅಡ್ಡ ಹಿಡೀರಿ. ನೀರಾಗಿದ್ರೆ ಹನಿ ಹನಿ ಬೀಳತ್ತೆ, ಹದ ಬಂದ್ರೆ ಎರಡು ಮೂರು ಹನಿ ಒಟ್ಟಿಗೆ ಸೇರಿ ಸೌಟಿನ ಅಂಚಲ್ಲಿ ಪರದೆ ಥರ ಇಳಿದು ತೂಗಾಡತ್ತೆ. ನಾವು ಎಳೆ ಪಾಕ ಬೆರಳಲ್ಲಿ ನೋಡ್ತೀವಲ್ಲ ಇದು ಅದಕ್ಕಿಂತ ಸ್ವಲ್ಪ ಮುಂಚಿನ ಹಂತ, ಎಳೆ ಬರೋ ತನಕ ಕಾದ್ರೆ ದಾಟಿ ಹೋಗಿರತ್ತೆ. ಅಜ್ಜ ಅರವತ್ತು ವರ್ಷದಿಂದ ಸೌಟಲ್ಲೇ ನೋಡೋದು, ಆದ್ರೂ ಮಾರೋ ಸಿರಪ್ ಪ್ರತಿ ಸಲ ಹೈಡ್ರೋಮೀಟರಲ್ಲಿ, ಅಂದ್ರೆ ಪಾಕದಲ್ಲಿ ತೇಲಿಬಿಟ್ಟು ಸಾಂದ್ರತೆ ನೋಡೋ ಕೊಳವೇಲಿ, ಅಳೀತಾರೆ, ಯಾಕಂದ್ರೆ ವರ್ಮಾಂಟ್ ಕಾನೂನಿನ ಪ್ರಕಾರ ಸಾಂದ್ರತೆ ಕಮ್ಮಿ ಅಂದ್ರೂ 66.9 ಬ್ರಿಕ್ಸ್, ಅಂದ್ರೆ ತೂಕದಲ್ಲಿ ನೂರಕ್ಕೆ ಅಷ್ಟು ಭಾಗ ಸಕ್ಕರೆ, ಇರ್ಲೇಬೇಕು. ಹೈಡ್ರೋಮೀಟರಲ್ಲಿ ಎರಡು ಗೆರೆ ಇರ್ತವೆ, ಕುದಿ ಬಿಸಿಗೊಂದು, ತಣ್ಣಗಾದ್ಮೇಲಿಂದಕ್ಕೊಂದು, ಗೊಂದಲ ಮಾಡ್ಕೋಬೇಡಿ. ತೆಳ್ಳಗೆ ನಿಲ್ಲಿಸಿದ್ರೆ ಬಾಟ್ಲೀಲಿ ಹುಳಿಯತ್ತೆ ಬೂಷ್ಟು ಬರತ್ತೆ, ದಪ್ಪ ಮಾಡಿದ್ರೆ ತಳದಲ್ಲಿ ಕಲ್ಲುಸಕ್ಕರೆ ಕೂರತ್ತೆ. ಎರಡನೇದು ಮಕ್ಕಳಿಗೆ ಖುಷಿ, ಹಾಗಾಗಿ ತಪ್ಪೋದಾದ್ರೆ ಆ ಕಡೆ ತಪ್ಪಿ.

ಸೋಸೋದು ಬಿಸಿ ಇದ್ದಾಗ್ಲೇ. ಪಾಕ ಗಟ್ಟಿ ಆಗ್ತಾ ಮರದ ಖನಿಜ ಎಲ್ಲ ಬೇರೆಯಾಗಿ ಸಣ್ಣ ಮರಳಿನ ಥರ ಬರತ್ತೆ, ಶುಗರ್ ಸ್ಯಾಂಡ್ ಅಂತಾರೆ, ನೈಟರ್ ಅಂತಾನೂ ಅಂತಾರೆ. ತಿಂದ್ರೆ ಏನಾಗಲ್ಲ, ಬಾಯಿಗೆ ಕರಕರ ಅಂತ ಸಿಗತ್ತೆ ಮತ್ತೆ ಸಿರಪ್ ಮಬ್ಬಾಗಿ ಕಾಣತ್ತೆ. ದಪ್ಪ ಫೆಲ್ಟಿನ ಕೋನ್ ಚೀಲ ಸಿಗತ್ತೆ, ಅದನ್ನ ಬಿಸಿನೀರಲ್ಲಿ ನೆನೆಸಿ ಆಮೇಲೆ ಬಳಸಿ, ಒಣ ಚೀಲ ಅರ್ಧ ಸಿರಪ್ ತಾನೇ ಕುಡಿದ್ಬಿಡತ್ತೆ. ತೊಳೆಯೋಕೆ ಬರೀ ಬಿಸಿನೀರು, ಸೋಪು ಮುಟ್ಟಿಸ್ಬೇಡಿ, ಮುಂದಿನ ವರ್ಷದ ಸಿರಪಲ್ಲೂ ಆ ವಾಸನೆ ಬರತ್ತೆ. ಬಾಟ್ಲಿಗೆ ತುಂಬುವಾಗ 180ರಿಂದ 190 ಡಿಗ್ರಿ ನಡುವೆ ಇರ್ಲಿ, ಅದಕ್ಕಿಂತ ಕಾದ್ರೆ ಮತ್ತೆ ಮರಳು ಏಳತ್ತೆ, ಅದಕ್ಕಿಂತ ಆರಿದ್ರೆ ಬೂಷ್ಟಿಗೆ ದಾರಿ. ಗಾಜಿನ ಬಾಟ್ಲಿ ಮೊದ್ಲೇ ಬಿಸಿ ಮಾಡಿಟ್ಕೊಳ್ಳಿ, ಬಾಯಿ ತನಕ ತುಂಬಿ, ಮುಚ್ಚಳ ಬಿಗಿ ಮಾಡಿ ಒಂದೆರಡು ನಿಮಿಷ ಮಲಗಿಸಿಡಿ, ಬಿಸಿ ಪಾಕ ಮುಚ್ಚಳದ ಒಳಗೂ ತಾಗ್ಲಿ. ತೆರೆದ ಬಾಟ್ಲಿ ಫ್ರಿಜ್ಜಲ್ಲೇ ಇರ್ಬೇಕು. ಫ್ರೀಜರಲ್ಲಿಟ್ರೂ ಕಲ್ಲಾಗಲ್ಲ, ಜೋನಿಬೆಲ್ಲದ ಥರ ಮಂದ ಆಗತ್ತೆ ಅಷ್ಟೇ.

ಬಣ್ಣದ ಬಗ್ಗೆ ಜನಕ್ಕೆ ತುಂಬ ತಪ್ಪು ಕಲ್ಪನೆ ಇದೆ. ತಿಳಿ ಬಣ್ಣದ್ದು ಶುದ್ಧ, ಕಪ್ಪಗಿದ್ರೆ ಕಲಬೆರಕೆ ಅಂತ ಅಲ್ಲ. ಸೀಸನ್ ಶುರುವಲ್ಲಿ ಚಳಿ ಇರೋದ್ರಿಂದ ರಸ ತಾಜಾ, ಸಿರಪ್ ತಿಳಿ ಚಿನ್ನದ ಬಣ್ಣ. ಬಿಸಿಲೇರ್ತಾ ಹೋದ ಹಾಗೆ ಸೂಕ್ಷ್ಮಜೀವಿಗಳು ರಸದ ಸಕ್ಕರೆ ಒಡೀತವೆ, ಒಡೆದ ಸಕ್ಕರೆ ಕುದಿಯುವಾಗ ಬೇಗ ಕಂದಾಗತ್ತೆ, ರುಚಿನೂ ಗಾಢ. ಮೊದಲು ಗ್ರೇಡ್ ಬಿ ಅಂತ ಇದ್ದಿದ್ದು ಎರಡನೇ ದರ್ಜೆ ಅನ್ಸಿಬಿಡ್ತಿತ್ತು, 2014ರಲ್ಲಿ ವರ್ಮಾಂಟು, 2015ರಲ್ಲಿ ಇಡೀ ಅಮೆರಿಕಾ ಅದನ್ನ ತೆಗೆದು ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಅಂತ ಮಾಡಿದ್ವು, ನಾಲ್ಕೂ ಗ್ರೇಡ್ ಎ ನೇ. ಗೋಲ್ಡನ್ ನನಗೆ ಸಪ್ಪೆ, ನೆಂಟರಿಗೆ ಕೊಡೋಕೆ ಚೆಂದ. ಡಾರ್ಕ್ ತಗೊಳ್ಳಿ, ಬೆಲ್ಲ ತಿಂದು ಬೆಳೆದ ನಾಲಿಗೆಗೆ ಅದೇ ಸರಿ. ನೀರುದೋಸೆ ಮೇಲೆ ಹಾಕಿದ್ರೆ ಹೆಚ್ಚು ಹೇಳಲ್ಲ, ಹಾಕಿ ನೋಡಿ. ಅಂಗಡೀಲಿ ಬರೀ ಪ್ಯಾನ್‌ಕೇಕ್ ಸಿರಪ್ ಅಂತ ಬರೆದಿರೋದು ಹೆಚ್ಚಾಗಿ ಜೋಳದ ಸಿರಪ್‌ಗೆ ಪರಿಮಳ ಬೆರೆಸಿದ್ದು, ಲೇಬಲ್ ತಿರುಗಿಸಿ ಓದಿ.

ತಿನ್ನೋದ್ರಲ್ಲಿ ಎಲ್ಲಕ್ಕಿಂತ ಮಜಾ ಶುಗರ್ ಆನ್ ಸ್ನೋ. ಸಿರಪನ್ನ ಮತ್ತೆ ಕಾಯಿಸಿ 234 ಡಿಗ್ರಿ ಆಸುಪಾಸಿಗೆ ತನ್ನಿ, ಕದಡ್ಬೇಡಿ. ಶುಭ್ರವಾದ ಹಿಮ ತಟ್ಟೇಲಿ ಒತ್ತಿ ತುಂಬ್ಕೊಳ್ಳಿ, ಒಂದು ಚಮಚ ಸುರಿದು ನೋಡಿ, ಹಿಮದೊಳಗೆ ಮುಳುಗಿದ್ರೆ ಇನ್ನೂ ಕಾಯ್ಬೇಕು, ಮೇಲೇ ಕೂತು ಅಂಟಂಟಾಗಿ ಫೋರ್ಕಿಗೆ ಸುತ್ತಿಕೊಂಡ್ರೆ ಆಯ್ತು. ಇದ್ರ ಜೊತೆ ವರ್ಮಾಂಟಲ್ಲಿ ಡೋನಟ್ಟು ಮತ್ತೆ ಹುಳಿ ಸೌತೆಕಾಯಿ ಉಪ್ಪಿನಕಾಯಿ ಕೊಡ್ತಾರೆ. ನಾನೂ ಮೊದಲು ನಕ್ಕಿದ್ದೆ. ಆದ್ರೆ ಎರಡು ಸುತ್ತು ತಿಂದು ಬಾಯಿ ಕಟ್ಟಿದಾಗ ಒಂದು ತುಂಡು ಆ ಹುಳಿ ಕಡಿದ್ರೆ ಮೂರನೇ ಸುತ್ತಿಗೆ ದಾರಿ ತೆರೆಯತ್ತೆ. ಗಡಿ ದಾಟಿ ಕ್ವಿಬೆಕ್‌ಗೆ ಹೋದ್ರೆ ಇದನ್ನೇ ಕಡ್ಡಿಗೆ ಸುತ್ತಿ ಕೊಡ್ತಾರೆ, ಅಲ್ಲಿಯ ಸಿರಪ್ ಮನೆಗಳಲ್ಲಿ ಉದ್ದ ಬೆಂಚಿನ ಮೇಲೆ ಊಟನೂ ಹಾಕ್ತಾರೆ, ಪ್ರಪಂಚದ ಮೇಪಲ್ ಸಿರಪಲ್ಲಿ ಹೆಚ್ಚಿನ ಪಾಲು ಬರೋದೂ ಆ ಪ್ರಾಂತ್ಯದಿಂದಾನೇ. ಇನ್ನು ಮರದಿಂದ ಸಿಹಿ ತೆಗೆಯೋ ವಿದ್ಯೆ ಬಿಳಿಯರದ್ದಲ್ಲ, ಅಬೆನಾಕಿ, ಒಜಿಬ್ವೆ ಥರದ ಇಲ್ಲಿನ ಮೂಲ ಜನ ಅವರು ಬರೋಕೆ ಮುಂಚಿನಿಂದ್ಲೂ ಮಾಡ್ಕೊಂಡು ಬಂದಿದ್ದು, ಅಜ್ಜನ ಶುಗರ್‌ಹೌಸ್ ಇರೋದೂ ಅಬೆನಾಕಿ ನೆಲದ ಮೇಲೇ.

ಮಾಡೋ ಮುಂಚೆ ಒಂದ್ಸಲ ನೋಡ್ಬೇಕು ಅನ್ನೋರಿಗೆ, ವರ್ಮಾಂಟಲ್ಲಿ ಮಾರ್ಚಲ್ಲಿ ಮೇಪಲ್ ಓಪನ್ ಹೌಸ್ ವೀಕೆಂಡ್ ಇರತ್ತೆ, ಮೇನ್ ರಾಜ್ಯದಲ್ಲಿ ಮಾರ್ಚ್ ನಾಲ್ಕನೇ ಭಾನುವಾರ ಮೇಪಲ್ ಸಂಡೆ. ಮಾಡಿಂದ ಹಬೆ ಏಳ್ತಿದ್ರೆ ಒಳಗೆ ಕುದೀತಿದೆ ಅಂತ. ಹೋಗಿ, ಪ್ಯಾನ್ ಹತ್ರ ಮಕ್ಕಳನ್ನ ಬಿಡ್ಬೇಡಿ, ನಲ್ಲಿ ಹತ್ರ ನಿಂತಿರೋರನ್ನ ಮಾತಾಡಿಸ್ಬೇಡಿ, ಅವರು ಹದ ನೋಡ್ತಿರ್ತಾರೆ. ಇಳಿಸಿ ಆದ್ಮೇಲೆ ಅವರೇ ಸಣ್ಣ ಲೋಟದಲ್ಲಿ ಬಿಸಿ ಬಿಸಿ ಕೊಡ್ತಾರೆ.

ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನ ಮರ ಹೇಳತ್ತೆ. ಮೊಗ್ಗು ಉಬ್ಬಿ ಚಿಗುರೋಕೆ ಹೊರಟ್ರೆ ರಸದ ರುಚಿ ಕೆಡತ್ತೆ, ಕುದಿಸುವಾಗ್ಲೇ ಒಂಥರಾ ಹಳಸಲು ವಾಸನೆ ಬರತ್ತೆ, ಬಡ್ಡಿ ಅಂತಾರೆ ಅದಕ್ಕೆ ಇಲ್ಲಿ, ಬಡ್ ಅಂದ್ರೆ ಮೊಗ್ಗು, ಸಾಲದ ಬಡ್ಡಿ ಅಲ್ಲ. ಕೆರೇಲಿ ಕಪ್ಪೆ ಕೂಗೋಕೆ ಶುರುವಾದ ಹೊತ್ತಿಗೆ ಬರೋ ಕೊನೇ ರಸಕ್ಕೆ ಫ್ರಾಗ್ ರನ್ ಅಂತ ಹೆಸರು. ಆಗ ಸ್ಪೈಲ್ ಎಲ್ಲ ಕಿತ್ತು ಬಿಸಿನೀರಲ್ಲಿ ತೊಳೆದು ಒಣಗಿಸಿ, ತೂತಿಗೆ ಮೇಣ ಬೆಣೆ ಏನೂ ತುರುಕ್ಬೇಡಿ, ಮರ ತಾನೇ ಮುಚ್ಕೊಳತ್ತೆ. ಅಜ್ಜ ಉಳಿದ ಕೊನೇ ರಸನ ಪ್ಯಾನಲ್ಲೇ ಕೆಲವು ವಾರ ಹುಳಿಯೋಕೆ ಬಿಡ್ತಾರೆ, ಆ ಹುಳಿಗೆ ತಳಕ್ಕೆ ಕಚ್ಚಿದ ನೈಟರ್ ಎಲ್ಲ ಸಡಿಲ ಆಗಿ ಬರತ್ತೆ, ಉಜ್ಜೋ ಕೆಲಸ ಉಳಿಯತ್ತೆ. ವಾಸನೆ ಮಾತ್ರ ಕೇಳ್ಬೇಡಿ. ಅದನ್ನ ಚೆಲ್ಲಿ ತೊಳೆಯೋದು ಯಾರ ಖಾತೆ ಅಂತ ನಿಮಗೆ ಗೊತ್ತಾಗಿರತ್ತೆ.